ಇಪ್ಪತ್ತನೆಯ ಫೋಟೊ

ನನ್ನ ಹನ್ನೊಂದು ವರ್ಷದ ತಪಸ್ಸನ್ನು ಹೆಂಡತಿ ಅರ್ಧ ಗಂಟೆಯಲ್ಲಿ ಅಡುಗೆಮನೆಗೆ ಎಳೆದುಕೊಂಡು ಹೋದ ಸಂಕಟವನ್ನು ಯಾರ ಹತ್ತಿರವಾದರೂ ತೋಡಿಕೊಳ್ಳಬೇಕು. ನಿಮಗೆ ಹೇಳುತ್ತೇನೆ. ನೀವು ನಮ್ಮ ಓಣಿಯವರಲ್ಲ, ಅದೇ ಸಮಾಧಾನ.

ನಾನು ಉಚ್ಚಂಗೆಪ್ಪ, ಕೊಟ್ಟೂರಿನವನು, ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರು. ಸುತ್ತಲಿನ ಊರವರೆಲ್ಲ ಡಾಕ್ಟ್ರು ಅನ್ನುತ್ತಾರೆ. (ನಾನು ಡಾಕ್ಟರಲ್ಲ. ಆದರೆ ಎಮ್ಮೆ ಯಾವತ್ತೂ ಸರ್ಟಿಫಿಕೇಟು ಕೇಳಿಲ್ಲ.) ಚಿಗಟೇರಿಯಲ್ಲಿ ಕುರಿಗೆ ಚುಚ್ಚುಮದ್ದು, ಇಟ್ಟಿಗಿಯಲ್ಲಿ ಎಮ್ಮೆಗೆ ಔಷಧ ಎಂದು ತಿರುಗುವವನು. ಹೋದ ಮನೆಯಲ್ಲೆಲ್ಲ ಚಹಾ, ಮಂಡಕ್ಕಿ. ನೆಂಟರ ಮನೆಯಾದರೆ ಊಟ. ಹೀಗೇ ಒಮ್ಮೆ ಇಲ್ಲೇ ಹತ್ತಿರದ ಅರಸೀಕೆರೆಯ ಒಂದು ಪಡಸಾಲೆಯಲ್ಲಿ ಕೂತಿದ್ದಾಗ ಬೆಳಕಿಂಡಿಯಿಂದ ಇಳಿದ ಬಿಸಿಲು ನೀರಿನ ತಂಬಿಗೆಯ ಮೇಲೆ ಬಿತ್ತು. ನನ್ನೊಳಗೆ ಮಲಗಿದ್ದ ಕಲಾವಿದ ಎದ್ದು ಕೂತ. ಅಂದಿನಿಂದ ಹೋದ ಹೋದ ಮನೆಯ ಪಾತ್ರೆಗಳ ಮೇಲೆ ಬೀಳುವ ಬೆಳಕನ್ನು ಮೊಬೈಲಿನಲ್ಲಿ ಹಿಡಿಯುತ್ತ ಬಂದೆ. ಮೂರು ಮೊಬೈಲು ಸವೆದವು, ಫೋಟೊಗಳು ಮೂರು ಸಾವಿರ ದಾಟಿದವು. ಈ ಮಾಲಿಕೆಗೆ ನಾನು ‘ಲೋಹಪ್ರಭೆ’ ಎಂದು ನಾಮಕರಣ ಮಾಡಿದ್ದೇನೆ. ನನ್ನ ಹೆಂಡತಿ ತಿಪ್ಪೇರುದ್ರಮ್ಮ ‘ಪಾತ್ರಿ ಹುಚ್ಚು’ ಅನ್ನುತ್ತಾಳೆ.

ಹೋದ ತಿಂಗಳು ನಮ್ಮ ಓಣಿಯ ವಾಚನಾಲಯ ನೋಡಿಕೊಳ್ಳುವ ಮೈಲಪ್ಪ ಬಂದು, “ಡಾಕ್ಟ್ರ, ನಿಮ್ಮ ಫೋಟೊ ಗ್ವಾಡಿಗೆ ಹಾಕಿ ಪ್ರದರ್ಶನ ಮಾಡೂಣು. ಇಪ್ಪತ್ತು ಆರಿಸಿ ಕೊಡ್ರಿ. ಇಪ್ಪತ್ತೊಂದನೇದಕ್ಕ ಮೊಳಿ ಇಲ್ಲ,” ಅಂದ.

ಮೂರು ಸಾವಿರದಲ್ಲಿ ಇಪ್ಪತ್ತು. ನಾಲ್ಕು ದಿನ ಊಟ, ನಿದ್ದೆ ಬಿಟ್ಟು ಕೂತೆ. (ಊಟ ಬಿಡಲಿಲ್ಲ, ಕೂತಲ್ಲೇ ತರಿಸಿಕೊಂಡೆ.) ಹೆಣಗಿ ಹೆಣಗಿ ಆರುನೂರ ನಲವತ್ತಕ್ಕೆ ಇಳಿಸಿದೆ. ಅದಕ್ಕಿಂತ ಕೆಳಗೆ ಇಳಿಸಲು ಮನಸ್ಸೇ ಬರಲಿಲ್ಲ. ಕೊನೆಗೆ ಬುದ್ಧಿಗೆಟ್ಟು ಹೆಂಡತಿಯನ್ನು ಕರೆದೆ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಏರಿಸಿ ಪಕ್ಕದಲ್ಲಿ ಕೂತಳು. ನಾನು ಒಂದೊಂದೇ ಫೋಟೊ ಸರಿಸುತ್ತ ಹೋದೆ. ಏಳನೆಯದಕ್ಕೆ ನನ್ನ ಕೈ ಹಿಡಿದಳು.

“ತಡೀರಿ. ಹಿಂದಕ ಹೋಗ್ರಿ.”

ನನ್ನ ಎದೆ ತುಂಬಿ ಬಂತು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಇವಳಿಗೆ ನನ್ನ ಕಲೆ ಅರ್ಥವಾಗುತ್ತಿದೆ ಅಂದುಕೊಂಡೆ. “ಆ ನೆರಳು ಹೆಂಗ ಬಿದ್ದೈತಿ ನೋಡಿದೇನು?” ಎಂದು ಕೇಳಿದೆ.

“ನೆರಳು ಬಿಡ್ರಿ. ಅದು ನನ್ನ ಡಬ್ಬಿ.”

“ಯಾವ ಡಬ್ಬಿ?”

“ತಗ್ಗು ಬಿದ್ದೈತಿ ನೋಡ್ರಿ, ನಮ್ಮ ಭೂಮಿಕಾ ಸಣ್ಣಾಕಿ ಇದ್ದಾಗ ಎತ್ತಿ ಒಗೆದಿದ್ಲು. ಚಕ್ಕುಲಿ ಹಾಕಿ ಕಳಿಸಿದ್ದೆ. ಆ ಮನಿ ಜಂಬಮ್ಮಗ ಕೇಳಿದ್ರ ನಮ್ಮನಿಗೆ ಬಂದೇ ಇಲ್ಲ ಅಂದಿದ್ಲು. ಆಕಿ ನಾಗೊಂದಿಗಿ ಹಲಗಿ ಮ್ಯಾಲೆ ಹೆಂಗ ಕುಂತೈತಿ ನೋಡ್ರಿ.”

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಒಬ್ಬರ ಮನೆಯಿಂದ ತಿನಿಸು ಬಂದ ಪಾತ್ರೆಯನ್ನು ಖಾಲಿ ವಾಪಸು ಕಳಿಸುವಂತಿಲ್ಲ, ಏನಾದರೂ ತುಂಬಿಯೇ ಕಳಿಸಬೇಕು. ಒಳ್ಳೆಯದೇನಾದರೂ ಮಾಡಿದಾಗ ಕಳಿಸೋಣ ಅಂತ ಎತ್ತಿಡುತ್ತಾರೆ. ಹಬ್ಬ ಬಂದು ಹೋಗುತ್ತದೆ, ವರ್ಷ ಉರುಳುತ್ತದೆ, ಆಮೇಲೆ ಕೊಡಲು ನಾಚಿಕೆ. ಅದಕ್ಕೇ ಹೆಂಗಸರು ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವುದು.

ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಫೋಟೊ ಆರಿಸಿ ಮುಗಿಸಿದಳು. ಅಷ್ಟರಲ್ಲೂ ಇದ್ದದ್ದು ಅವಳ ಕಳೆದುಹೋದ ಡಬ್ಬಿ, ತಾಟು, ತಂಬಿಗೆ. ಒಂದರಲ್ಲಂತೂ ಅರ್ಧ ಫೋಟೊ ನನ್ನ ಹೆಬ್ಬೆರಳೇ ಇತ್ತು.

“ಲೇ, ಇದರಾಗ ನನ್ನ ಹೆಬ್ಬಟ್ಟು ಬಂದೈತಿ.”

“ಇರ್ಲಿ ಬಿಡ್ರಿ. ಡಬ್ಬಿ ಚಂದ ಬಂದೈತಿ.”

ಇಪ್ಪತ್ತನೆಯದಕ್ಕೆ ನಾನು ಹಟ ಹಿಡಿದೆ. ಅದು ನಮ್ಮದೇ ಅಡುಗೆಮನೆಯಲ್ಲಿ ತೆಗೆದದ್ದು. ತೊಳೆದು ಬೋರಲು ಹಾಕಿದ ಹಿತ್ತಾಳೆ ಬೋಗುಣಿ, ಅದರ ಮೇಲೆ ಬೆಳಗಿನ ಬಿಸಿಲು. ‘ಲೋಹಪ್ರಭೆ’ಯ ಕಿರೀಟವೇ ಅದು. ಅದನ್ನು ನೋಡಿದ್ದೇ ತಡ, ತಿಪ್ಪೇರುದ್ರಮ್ಮನ ಮುಖ ಬಿಳುಚಿಕೊಂಡಿತು.

“ಅದೊಂದು ಬ್ಯಾಡ್ರಿ.”

“ಯಾಕ?”

“ಕಟ್ಟಿ ಒರೆಸಿಲ್ಲ.”

“ಕಟ್ಟಿ ಕಾಣಂಗಿಲ್ಲ.”

“ಮಸಿಬಟ್ಟಿ ಕಾಣತೈತಿ.”

“ಅದನ್ನ ಕತ್ತರಿಸ್ತೀನಿ.”

“ನಮ್ಮನಿ ಪಾತ್ರಿ ಮಂದಿಗೆ ತೋರಿಸಿದ್ರ ದೃಷ್ಟಿ ಆಗತೈತ್ರಿ. ಬೇಕಾದ್ರ ಆ ಹೆಬ್ಬಟ್ಟಿಂದು ತಗದು ನಿಮಗ ಬೇಕಾದ್ದು ಬ್ಯಾರೆ ಹಾಕ್ಕೊಳ್ರಿ.”

(ನನ್ನ ಹೆಂಡತಿ ಹೀಗೆ ಅಂಗಲಾಚಿದ್ದನ್ನು ನಾನು ಕಂಡಿದ್ದೇ ಇಲ್ಲ. ಅಲ್ಲೇ ಎಚ್ಚರವಾಗಬೇಕಿತ್ತು.) “ಹತ್ತೊಂಬತ್ತು ನಿನ್ನವು, ಒಂದು ನಂದು. ಕಲೆ ವಿಷಯದಾಗ ನೀ ಬಾಯಿ ಹಾಕಬ್ಯಾಡ,” ಅಂದೆ. ಅವಳು ಎದ್ದು ಒಳಗೆ ಹೋದಳು. ನಾನು ಗೆದ್ದ ಅಮಲಿನಲ್ಲಿ ಹರಪನಹಳ್ಳಿಗೆ ಹೋಗಿ ಅದೊಂದನ್ನು ಮಾತ್ರ ಮೂರಡಿ ಅಗಲಕ್ಕೆ ಪ್ರಿಂಟ್ ಹಾಕಿಸಿ, ಸುತ್ತಿಸಿಕೊಂಡು ನೇರ ಮೈಲಪ್ಪನ ಕೈಗೆ ಕೊಟ್ಟೆ.

ಪ್ರದರ್ಶನದ ದಿನ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಳೆದುಹೋದ ಪಾತ್ರೆಗಳೆಲ್ಲ ಡಾಕ್ಟರ ಫೋಟೊದಲ್ಲಿ ಸಿಗುತ್ತಿವೆ ಎಂದು ಊರ ತುಂಬ ಸುದ್ದಿಯಾಗಿತ್ತು. ಹೆಂಗಸರು ಬೆಳಕನ್ನೂ ನೋಡಲಿಲ್ಲ, ನೆರಳನ್ನೂ ನೋಡಲಿಲ್ಲ. ಕನ್ನಡಕ ಏರಿಸಿ ಪಾತ್ರೆಯ ಕಂಠ, ತಳ ಓದುತ್ತಿದ್ದರು. ಜಂಬಮ್ಮ ಆ ತಗ್ಗು ಬಿದ್ದ ಡಬ್ಬಿಯ ಫೋಟೊ ಕಂಡು ನನ್ನ ಹೆಂಡತಿಯ ಕೈ ಹಿಡಿದು, “ನಾಳೆ ಕಳಿಸ್ತೀನಿ ತಂಗಿ, ಉಂಡಿ ಹಾಕಿ,” ಅಂದಳು.

ಪಕ್ಕದ ಮನೆಯ ಯಶೋಧಾ ಮಾತ್ರ ನನ್ನ ಇಪ್ಪತ್ತನೆಯ ಫೋಟೊದ ಮುಂದೆ ನಿಂತವಳು ಕದಲಲೇ ಇಲ್ಲ. ಇಡೀ ಊರಿಗೆ ಒಬ್ಬಳಾದರೂ ರಸಿಕಳಿದ್ದಾಳಲ್ಲ ಎಂದು ಉಬ್ಬಿಹೋಗಿ ಹತ್ತಿರ ಹೋದೆ.

“ಹೆಂಗ ಅನಸತೈತಿ ಯಶೋಧಮ್ಮ?”

“ಭಾಳ ಚಂದ ಐತ್ರಿ ಡಾಕ್ಟ್ರ. ಬೆಳಕು ಎಷ್ಟು ಛಲೋ ಬಿದ್ದೈತಿ ಅಂದ್ರ, ಒಂದೊಂದು ಅಕ್ಷರ ಕಾಣತೈತಿ.”

ನಾನೂ ನೋಡಿದೆ. ಮೊಬೈಲಿನಲ್ಲಿ ಎಳ್ಳಿನಷ್ಟೂ ಕಾಣದಿದ್ದದ್ದು ಮೂರಡಿ ಅಗಲದಲ್ಲಿ ಅಂಗಡಿ ಬೋರ್ಡಿನಂತೆ ಎದ್ದು ನಿಂತಿತ್ತು: ‘ಯಶೋಧಾ ಬೀರಲಿಂಗೇಶ್’.

ಆರು ವರ್ಷದ ಹಿಂದೆ ಅವರ ಗೃಹಪ್ರವೇಶದ ದಿನ, ಮಿಕ್ಕ ಗೋಧಿ ಹುಗ್ಗಿಯನ್ನು ಯಾರೋ ಯಾರ ಮನೆಗೋ ಕೊಟ್ಟುಬಂದ ಗದ್ದಲದಲ್ಲಿ ಕಳೆದುಹೋದ ಬೋಗುಣಿ ಅದು, ಅವಳ ತವರಿನದು. ಯಶೋಧಾ ಓಣಿಯ ಮನೆಮನೆಯಲ್ಲಿ ಕೇಳಿದ್ದಳು. ನನ್ನ ಹೆಂಡತಿ ಅವಳ ಜೊತೆಗೇ ತಿರುಗಿ, ತೆಗೆದುಕೊಂಡವರಿಗೆ ಅವಳಿಗಿಂತ ಜೋರಾಗಿ ಶಾಪ ಹಾಕಿದ್ದಳು.

ಇದ್ದಬದ್ದವರೆಲ್ಲ ಆ ಫೋಟೊದ ಮುಂದೆ ಮುತ್ತಿಕೊಂಡರು. ತಿಪ್ಪೇರುದ್ರಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಫೋಟೊ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯ ಯಶೋಧಾ, ನಿಂದೇನವ್ವ ಇದು? ಇವರದ ಕೆಲಸ ನೋಡು. ಬೆಳಕು ಛಲೋ ಬೀಳತೈತಿ ಅಂತ ಫೋಟೊಕ್ಕ ಮಂದಿ ಪಾತ್ರಿ ಎತ್ಕೊಂಡು ಬರ್ತಾರ. ನಾನು ನಮ್ಮದ ಅನ್ಕೊಂಡು ತಿಕ್ಕಿ ತಿಕ್ಕಿ ಇಟ್ಟೀನಿ.”

ಎಲ್ಲರೂ ಒಂದೇ ಕ್ಷಣದಲ್ಲಿ ನಂಬಿದರು. ಮೂರು ಸಾವಿರ ಫೋಟೊ ಸಾಕ್ಷಿಗಿರುವಾಗ ಯಾಕೆ ನಂಬಬಾರದು? ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕೈ ಕಂಡೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬ್ಯಾಡ್ರಿ, ಬ್ಯಾಡ್ರಿ ಎಂದು ಅವಳು ಬೇಡಿಕೊಂಡದ್ದು ಆಗ ನೆನಪಾಗಿ ನಿಜವಾಗಿಯೂ ಪಾಪ ಅನ್ನಿಸಿತು.

“ಹೌದು,” ಅಂದೆ. “ಬೆಳಕು ಛಲೋ ಇತ್ತು.”

ಮರುದಿನ ಬೆಳಿಗ್ಗೆ ಬೋಗುಣಿಯ ತುಂಬ ಶೇಂಗಾ ಹೋಳಿಗೆ ಪೇರಿಸಿ ನನ್ನ ಕೈಗಿಟ್ಟಳು. “ನೀ ಒಯ್ದು ಕೊಡು,” ಅಂದೆ. “ಎತ್ಕೊಂಡು ಬಂದೋರ ಒಯ್ದು ಕೊಡಬೇಕ್ರಿ,” ಅಂದಳು. ಪಕ್ಕದ ಮನೆಗೆ ಹನ್ನೆರಡು ಹೆಜ್ಜೆ. ಅದನ್ನು ನೋಡಲು ಓಣಿಯ ಎಲ್ಲ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಈಗ ಚಿಗಟೇರಿಗೆ ಹೋಗಲಿ, ಇಟ್ಟಿಗಿಗೆ ಹೋಗಲಿ, ನನ್ನ ಬೈಕಿನ ಸದ್ದು ಕೇಳಿದೊಡನೆ ಒಳಗೆ ಪಾತ್ರೆಗಳನ್ನು ಸರಿಸಿಡುವ ಸಪ್ಪಳ ಕೇಳುತ್ತದೆ. ಚಹಾ ಪೇಪರ್ ಲೋಟದಲ್ಲಿ ಬರುತ್ತದೆ. ಅದರ ಮೇಲೆ ಎಂಥ ಬಿಸಿಲು ಬಿದ್ದರೂ ಹೊಳೆಯುವುದಿಲ್ಲ.

ನಿನ್ನೆ ಸಂಜೆ ಸುಸ್ತಾಗಿ ಮನೆಗೆ ಬಂದು, ನನ್ನ ಸ್ಟೀಲ್ ಲೋಟದಲ್ಲಿ ಒಂದಿಷ್ಟು ಚಹಾ ಕೊಡು ಅಂದೆ. ಹೆಂಡತಿ ಪೇಪರ್ ಲೋಟದಲ್ಲಿ ತಂದಿಟ್ಟಳು.

“ಲೇ, ನೀನೂನಾ? ಖರೇ ಏನಂತ ನಿನಗ ಗೊತ್ತೈತಲ್ಲ.”

“ಗೊತ್ತೈತ್ರಿ,” ಅಂದಳು ಅಡುಗೆಮನೆಯ ಬಾಗಿಲ ಕಡೆ ನೋಡುತ್ತ, ದನಿ ತಗ್ಗಿಸಿ. “ಆದ್ರ ಯಶೋಧಾ ಬಂದು ಕುಂತಾಳ. ನಾನೊಬ್ಬಾಕಿ ನಿಮ್ಮನ್ನ ನಂಬಿದ್ರ ಆಕಿ ಏನು ತಿಳ್ಕೊಂಡಾಳು?”