ಬಾಡಿಗೆಗೆ ಕೊಡಬಹುದಾದ ಬೆನ್ನು

"ಲೀವೆನ್, ನಿನ್ನ ಬೆನ್ನಿಗೆ ಎರಡು ಕಿಟಕಿ, ಒಂದು ಬಾಗಿಲು ಇಟ್ರೆ ಬಾಡಿಗೆಗೆ ಕೊಡಬಹುದು ಕಣೋ!"

ಮಾತು ಆಡಿದವನು ಸೈಕಲ್ ಸಂಘದ ಅಧ್ಯಕ್ಷ ಮಾರ್ನಿಕ್ಸ್. ಆಡಿದ್ದು ಕಾಲುವೆ ದಂಡೆಯ ಕೆಫೆಯಲ್ಲಿ, ಭಾನುವಾರದ ಸವಾರಿ ಮುಗಿಸಿ ಬಿಯರ್ ಹಿಡಿದು ಕೂತಿದ್ದ ಇಡೀ ಸಂಘದ ಎದುರಿಗೆ. ಹನ್ನೆರಡು ಜನವೂ ನಕ್ಕರು. ಗ್ಲಾಸು ಒರೆಸುತ್ತಿದ್ದ ಕೆಫೆಯ ಒಡತಿ ನಕ್ಕಳು. ಮೇಜಿನ ಕೆಳಗಿದ್ದ ನಾಯಿ ಕೂಡ ಎದ್ದು ಲೀವೆನ್ನನ ಬೆನ್ನನ್ನೊಮ್ಮೆ ನೋಡಿ, ಹೌದಪ್ಪಾ ಎನ್ನುವಂತೆ ಮತ್ತೆ ಮಲಗಿತು.

ಮಾರ್ನಿಕ್ಸ್ ಊರಿನ ಹೆಣಗಳಿಗೆಲ್ಲ ಪೆಟ್ಟಿಗೆ, ಹೂವು, ಕರಿ ಕಾರು ಒದಗಿಸುವವನು. ಸಂಘದ ಅಂಗಿಗಳಿಗೆ ದುಡ್ಡು ಹಾಕಿದವನೂ ಅವನೇ. ಹಾಗಾಗಿ ಎಲ್ಲರ ಬೆನ್ನ ಮೇಲೂ 'ಕೊನೆಯ ಸವಾರಿಗೆ ನಮ್ಮನ್ನೇ ಕರೆಯಿರಿ' ಎಂದು ಬರೆದಿತ್ತು. ಉಳಿದವರ ಬೆನ್ನಲ್ಲಿ ಅದು ಮೂರು ಸಾಲು. ಲೀವೆನ್ನನ ಬೆನ್ನಲ್ಲಿ ಒಂದೇ ಸಾಲು, ಅದರ ಎರಡೂ ಕಡೆ ಇನ್ನೂ ಬಯಲು.

ಲೀವೆನ್ ನಗಲೂ ಇಲ್ಲ, ಬೈಯಲೂ ಇಲ್ಲ. ಬಟಾಣಿಯನ್ನು ಹೆಪ್ಪುಗಟ್ಟಿಸುವ ಕಾರ್ಖಾನೆಯ ಶೀತಲ ಗೋದಾಮಿನಲ್ಲಿ ಹದಿನೆಂಟು ವರ್ಷ ದುಡಿದವನಿಗೆ ಬಾಯಿ ತೆರೆಯುವುದೇ ಅಭ್ಯಾಸ ತಪ್ಪಿತ್ತು. ಅಲ್ಲಿ ಬಾಯಿ ತೆರೆದರೆ ಹಲ್ಲು ಜುಮ್ಮೆನ್ನುತ್ತದೆ. ತೆರೆದರೂ ಕೇಳಲು ಬಟಾಣಿ ಬಿಟ್ಟರೆ ಯಾರಿದ್ದಾರೆ? ಮನೆಗೆ ಬಂದರೆ ಒಂದು ಕುರ್ಚಿ, ಒಂದು ತಟ್ಟೆ, ಒಂದು ರೇಡಿಯೋ. ವಾರಕ್ಕೊಮ್ಮೆ ಮನುಷ್ಯರ ಮಾತು ಅಂತ ಅವನ ಕಿವಿಗೆ ಬೀಳುತ್ತಿದ್ದದ್ದು ಭಾನುವಾರ ಬೆಳಗಿನ ಆ ಮೂರು ತಾಸು ಮಾತ್ರ.

ಅದೂ ಅರ್ಧಂಬರ್ಧ. ಅವನ ಜಾಗ ಯಾವಾಗಲೂ ಸಾಲಿನ ಮುಂತುದಿಯಲ್ಲಿ. "ನೀನು ಮುಂದೆ ಹೋಗು ಮಾರಾಯ, ನಿಂಗೆ ದಾರಿ ಗೊತ್ತು" ಎಂದು ತಳ್ಳುತ್ತಿದ್ದರು. ಕಾಲುವೆಯ ದಾರಿ ಕುರುಡು ಹಸುವಿಗೂ ಗೊತ್ತು! ಸಮುದ್ರದ ಗಾಳಿ ಅವನ ಎದೆಗೆ ಗುದ್ದುವಾಗ, ಅವನ ಬೆನ್ನ ಮರೆಯಲ್ಲಿ ಗಾಳಿ ತಾಗದೆ ಬರುತ್ತಿದ್ದವರಿಂದ ಮಾತಿನ ಚೂರುಗಳು ಹಾರಿ ಬರುತ್ತಿದ್ದವು. "...ಆಮೇಲೆ ಆ ಹಂದಿ..." "...ಅತ್ತೆ ಆಗತಾನೇ ಸ್ನಾನಕ್ಕೆ..." ಅದರ ಬೆನ್ನಿಗೇ ಹೋ ಎಂದು ನಗು. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಈ ಗೋಡೆಗೆ ಕೇಳಿಸುತ್ತಿದ್ದದ್ದು ಅಷ್ಟೇ. ಹಂದಿಗೂ ಅತ್ತೆಗೂ ಏನು ಸಂಬಂಧ ಎಂದು ಅವನು ವಾರಗಟ್ಟಲೆ ಬಟಾಣಿ ಮೂಟೆಗಳ ನಡುವೆ ನಿಂತು ಯೋಚಿಸಿದ್ದ.

ಕಿಟಕಿ ಬಾಗಿಲಿನ ಮಾತು ಕೇಳಿದ ದಿನ ಅವನು ಒಂದು ತೀರ್ಮಾನಕ್ಕೆ ಬಂದ. ಇನ್ನು ಗೋಡೆಯಾಗಿರುವುದು ಸಾಕು. ಚೂರಿಯಾಗಬೇಕು. ಗಾಳಿಯನ್ನೇ ಸೀಳುವ ಸೈಕಲ್ ಕಟ್ಟಬೇಕು, ಸಾಲಿನ ನಟ್ಟನಡುವೆ ನುಗ್ಗಬೇಕು, ಹಂದಿಯ ಕತೆಯನ್ನು ಮೊದಲಿನಿಂದ ಕೊನೆತನಕ ಕೇಳಬೇಕು.

ಆರು ತಿಂಗಳು ಹಿಡಿಯಿತು. ಕಾರ್ಬನ್ನಿನ ಫ್ರೇಮ್ ಬಂತು, ಮೀನಿನ ಹಾಗೆ ಚಪ್ಪಟೆ, ಎತ್ತಿದರೆ ಬೆಕ್ಕಿನ ಮರಿಯಷ್ಟು ಹಗುರ. ಅಂಗೈ ಅಗಲದ ಅಂಚಿನ ಚಕ್ರಗಳು ಬಂದವು. ಗಾಳಿಗೆ ಏನೂ ಸಿಕ್ಕಬಾರದೆಂದು ಬ್ರೇಕಿನ ನಳಿಕೆಗಳೆಲ್ಲ ಹ್ಯಾಂಡಲಿನ ಹೊಟ್ಟೆಯೊಳಗೇ ಹೋಗಬೇಕು. ಪಾಯಿಜಾಮಕ್ಕೆ ಲಾಡಿ ಏರಿಸಿದ ಹಾಗೆ ಮೂರು ಸಂಜೆ ಅದನ್ನು ಎಳೆದ. ಸ್ಕ್ರೂ ಸಾಕಷ್ಟು ಬಿಗಿಯಾದಾಗ 'ಟಕ್' ಎನ್ನುವ ಒಂದು ಪಾನಾ ತಂದಿದ್ದ. ಆ ಮನೆಯಲ್ಲಿ ಅವನಿಗೆ ಉತ್ತರ ಕೊಟ್ಟ ಮೊದಲ ಜೀವ ಅದೇ. ಬೇಕಿಲ್ಲದಿದ್ದರೂ ರಾತ್ರಿ ಮಲಗುವ ಮುಂಚೆ ಒಮ್ಮೆ ತಿರುಗಿಸಿ 'ಟಕ್' ಕೇಳಿಸಿಕೊಂಡು ಮಲಗುತ್ತಿದ್ದ.

ಉಳಿದದ್ದು ಒಂದೇ ಕೆಲಸ. ಹ್ಯಾಂಡಲನ್ನು ಹೊರುವ ಫೋರ್ಕಿನ ಕೊಳವೆಯನ್ನು ತನ್ನ ಅಳತೆಗೆ ಕತ್ತರಿಸುವುದು. ಸರಿಯಾಗಿ ಕತ್ತರಿಸಿದರೆ ಹೊಟ್ಟೆಗೂ ಮಂಡಿಗೂ ಜಗಳವಿಲ್ಲ. ಹೆಚ್ಚು ಕತ್ತರಿಸಿದರೆ ಮುಗಿಯಿತು, ಅದೇನು ಉಗುರೇ ಮತ್ತೆ ಬೆಳೆಯಲು? ಆ ಹೆದರಿಕೆಗೇ ಒಂದು ವಾರ ಮುಂದೂಡಿ, ಕೊನೆಗೆ ಭಾನುವಾರ ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಗರಗಸ ಹಿಡಿದು ನಿಂತ. ಎಲ್ಲಿ ಕತ್ತರಿಸಬೇಕೋ ಅಲ್ಲಿ ಬಿಳಿ ಟೇಪು ಸುತ್ತಿದ್ದ.

ಗರಗಸದ ವಾಸನೆ ಹಿಡಿದು ಪಕ್ಕದ ಮನೆಯ ಫಿರ್ಮಿನ್ ಬೇಲಿ ದಾಟಿ ಬಂದ. ನಿವೃತ್ತ ಬಡಗಿ. ಹಿಂದೆಯೇ ಹೆಂಡತಿ ಆಲ್ಮಾ, ಕೈಯಲ್ಲಿ ಕಾಫಿ.

"ಕೊಡು ಮಗಾ ಇಲ್ಲಿ. ನಲವತ್ತು ವರ್ಷ ಬಾಗಿಲು ಕುಯ್ದಿದೀನಿ."

"ಇದು ಬಾಗಿಲಲ್ಲ ಫಿರ್ಮಿನ್ ಅಣ್ಣ."

"ಕುಯ್ಯೋದು ಕುಯ್ಯೋದೇ. ನೀನು ಹೋಗಿ ಕಣ್ಣಿಗೆ ಹಾಕ್ಕೊಳ್ಳೋಕೆ ಏನಾದ್ರೂ ತಗೊಂಬಾ, ಧೂಳು ಹಾರುತ್ತೆ."

ಲೀವೆನ್ ಒಳಗೆ ಹೋಗಿ ಕನ್ನಡಕ ಹುಡುಕಿ ಬರುವಷ್ಟರಲ್ಲಿ ಗರ್ ಗರ್ ಎಂದು ಕೊಳವೆ ತುಂಡಾಗಿ ಬಿದ್ದಿತ್ತು. ಹ್ಯಾಂಡಲ್ ಕೂರಿಸಿ ನೋಡಿದ. ಅದು ನಾಲ್ಕು ಬೆರಳು ಕೆಳಗೆ, ಬೈಸಿಕೊಂಡ ನಾಯಿಯ ತಲೆಯಂತೆ ಬಗ್ಗಿತ್ತು.

"ಎಲ್ಲಿ ಕುಯ್ದ್ರಿ?"

"ಟೇಪ್ ಇದ್ದಲ್ಲೇ ಕಣಯ್ಯಾ, ಕೂದಲೆಳೆ ಆಚೆ ಈಚೆ ಇಲ್ಲ!"

ಆಲ್ಮಾ ಕಾಫಿ ಲೋಟವನ್ನು ನೋಡುತ್ತ ಹೇಳಿದಳು: "ಏನೋ ಕಸ ಅಂಟಿದೆ ಅಂತ ನಾನೇ ಕಿತ್ತಿದ್ದೆ. ಆಮೇಲೆ ಬೇಕಾಗ್ಬಹುದು ಅನ್ನಿಸ್ತು, ವಾಪಸ್ ಅಂಟಿಸ್ದೆ. ಹೆಚ್ಚುಕಮ್ಮಿ ಅಲ್ಲೇ."

ಫಿರ್ಮಿನ್ ಗರಗಸದ ಧೂಳು ಕೊಡವಿದ.

"ಹೋಗ್ಲಿ ಬಿಡು. ಹೊಸಾದು ಬಂತಲ್ಲ, ಗೋಡೆಗೆ ಒರಗಿಸಿರೋ ಆ ಹಳೇ ಸೈಕಲ್ ನಂಗೆ ಕೊಡ್ತೀಯಾ? ಮುಂದಿನ ತಿಂಗಳು ದೊಡ್ಡ ಸೈಕಲ್ ರೇಸು ನಮ್ಮೂರ ಮೇಲೇ ಹೋಗುತ್ತೆ. ಹಳದಿ ಬಣ್ಣ ಬಳಿದು, ಹೂವಿನ ಕುಂಡ ಇಟ್ಟು ಗೇಟಿಗೆ ಅಲಂಕಾರ ಮಾಡ್ತೀನಿ."

"ತಗೊಂಡ್ಹೋಗಿ," ಎಂದ ಲೀವೆನ್. "ಏನು ಬೇಕಾದ್ರೂ ಮಾಡ್ಕೊಳ್ಳಿ."

ಒಂಬತ್ತಕ್ಕೆ ಚರ್ಚಿನ ಮುಂದೆ ಅವನನ್ನು ಕಂಡವರು ಸುತ್ತುವರಿದರು. "ಇದೇನಪ್ಪಾ, ಸೈಕಲ್ಲೋ, ಮೀನಿನ ಮುಳ್ಳೋ?" ಎಂದ ಮಾರ್ನಿಕ್ಸ್. ಆದರೆ ದನಿಯಲ್ಲಿ ಹೊಟ್ಟೆಕಿಚ್ಚು ಇತ್ತು. ಲೀವೆನ್ನನಿಗೆ ಅಷ್ಟೇ ಸಾಕಾಗಿತ್ತು. ಸಾಲು ಹೊರಟಾಗ ಸೀದಾ ನಡುವಿಗೆ ನುಗ್ಗಿ, ಹಂದಿಯ ಕತೆಯ ಒಡೆಯ ಯೋಸ್ತ್‌ನ ಪಕ್ಕ ಸೇರಿಕೊಂಡ. ಮೈ ಎರಡಾಗಿ ಮಡಚಿತ್ತು, ಪ್ರತಿ ತುಳಿತಕ್ಕೂ ಮಂಡಿ ಬಂದು ಹೊಟ್ಟೆಗೆ ಗುದ್ದುತ್ತಿತ್ತು, ಮುಂದಿನವನ ಚಕ್ರ ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಆದರೇನು? ಕಿವಿ ಎರಡೂ ತೆರೆದಿದ್ದವು.

ಕಾದ. ಒಂದು ಸೇತುವೆ ದಾಟಿತು. ಎರಡನೆಯದೂ ದಾಟಿತು. ಯಾರೂ ಮಾತಾಡಲಿಲ್ಲ. ಗಾಳಿ ಸುಯ್ಯೆನ್ನುವುದು, ಹದಿಮೂರು ಸರಪಳಿಗಳ ಗಿರಗಿರ, ಯಾರದೋ ಕೆಮ್ಮು. ಮುಂದೆ ಹೋದವನು ಎರಡು ನಿಮಿಷಕ್ಕೆ ನಾಲಿಗೆ ಹೊರಹಾಕಿಕೊಂಡು ಹಿಂದಕ್ಕೆ ಬೀಳುತ್ತಿದ್ದ, ಅವನ ಹಿಂದಿದ್ದವನು ಹಣೆಬರಹ ಎಂದು ಮುಂದೆ ಹೋಗುತ್ತಿದ್ದ.

ಕೊನೆಗೆ ಲೀವೆನ್ನೇ ಧೈರ್ಯ ಮಾಡಿದ. ಸಂಘ ಸೇರಿದ ನಾಲ್ಕು ವರ್ಷದಲ್ಲಿ ಸವಾರಿಯ ನಡುವೆ ಅವನು ಕೇಳಿದ ಮೊದಲ ಪ್ರಶ್ನೆ. "ಯೋಸ್ತ್, ಆ ಹಂದಿ ಆಮೇಲೆ ಏನಾಯ್ತು?"

"ಉಸಿರೇ ಇಲ್ಲ ಮಾರಾಯಾ," ಎಂದು ಯೋಸ್ತ್ ಏದುಸಿರುಬಿಟ್ಟ, "ಹಂದಿ ಎಲ್ಲಿಂದ ತರ್ಲಿ!"

"ಲೀವೆನ್! ಮುಂದೆ ಹೋಗೋ! ಸಾಯ್ತಿದೀವಿ ಇಲ್ಲಿ!" ಮಾರ್ನಿಕ್ಸ್ ಕೂಗಿದ. ಹೆಣದ ವ್ಯಾಪಾರಿಯ ಬಾಯಲ್ಲಿ ಆ ಮಾತು ಬಂದಿತೆಂದರೆ ಸ್ಥಿತಿ ನಿಜಕ್ಕೂ ಕೆಟ್ಟಿರಬೇಕು.

ಲೀವೆನ್ ಮುಂದೆ ಹೋದ. ಸೈಕಲ್ ಗಾಳಿಯನ್ನು ಬೆಣ್ಣೆಯಂತೆ ಸೀಳಿತು. ಸೀಳಿದ ಗಾಳಿ ಅವನ ಮಡಚಿದ ಬೆನ್ನ ಮೇಲಿಂದ ಜಾರಿ ನೇರ ಮಾರ್ನಿಕ್ಸನ ಮುಖಕ್ಕೆ ಹೊಡೆಯಿತು.

"ಏನೂ ಇಲ್ವಲ್ಲೋ ಇಲ್ಲಿ! ಬಾಗಿಲು ತೆಗೆದಿಟ್ಟ ಹಾಗಿದೆ! ಸ್ವಲ್ಪ ಎದ್ದು ಕೂರೋ!"

ಎದ್ದು ಕೂರಲು ಹಿಡಿಕೆ ಎಟುಕಬೇಕಲ್ಲ. ಎರಡೂ ಕೈ ಬಿಟ್ಟು ಬೆನ್ನು ನೆಟ್ಟಗೆ ಮಾಡಿದ. ಪಕ್ಕದಿಂದ ಬೀಸಿದ ಗಾಳಿ ಅಗಲ ಅಂಚಿನ ಚಕ್ರವನ್ನು ಹಾಯಿಯಂತೆ ಹಿಡಿದು ಎಳೆಯಿತು. ಲೀವೆನ್ ದಂಡೆ ಇಳಿದು, ತಂತಿಬೇಲಿಯ ಕಂಡಿಯಲ್ಲಿ ನುಸುಳಿ, ಮೇಯುತ್ತಿದ್ದ ಹಸುಗಳ ಮಧ್ಯೆ ಹೋಗಿ ನಿಂತ. ಹಸುಗಳು ಜಾಗ ಬಿಟ್ಟುಕೊಟ್ಟವು. ಸಂಘಕ್ಕಿಂತ ಅವೇ ವಾಸಿ.

ಹಿಂದಿರುಗುವಾಗ ಸಾಲು ಅವನ ಬೀದಿಯಲ್ಲೇ ಹಾದುಬಂತು. ತಗ್ಗಿದ ತಲೆಗೆ ಕಂಡದ್ದು ನೆಲದ ಮೇಲಿನ ಒಂದು ಮೊಳ ಮಾತ್ರ. ಫಿರ್ಮಿನ್ನನ ಮರದ ಚಪ್ಪಲಿ, ಹಳದಿ ಬಣ್ಣದ ಹನಿಗಳು, ಗೇಟಿನ ಈಚೆ ಸಿಮೆಂಟಿನಲ್ಲಿ ಹೂತ ಒಂದು ಚಕ್ರ, ಗೇಟಿನ ಆಚೆ ಹೂತ ಇನ್ನೊಂದು. ಗರಗಸದ ರುಚಿ ಹತ್ತಿದ ಕೈ ಸುಮ್ಮನಿರುತ್ತದೆಯೇ? ಹಳೇ ಸೈಕಲ್ಲನ್ನು ನಡುವಿಗೆ ಕುಯ್ದು ಎರಡು ಹೋಳು ಮಾಡಿದ್ದ.

ಕೆಫೆಯಲ್ಲಿ ಯಾರೂ ಬಿಯರ್ ಮುಟ್ಟಲಿಲ್ಲ. ಮುಖಗಳು ಒಗೆದು ಹಿಂಡಿದ ಬಟ್ಟೆಯಂತಿದ್ದವು. ಒಡತಿ, "ಯಾಕ್ರೋ, ಇವತ್ತು ಒಬ್ರೂ ಬಾಯಿ ಬಿಡ್ತಿಲ್ಲ?" ಎಂದಳು.

"ಎಲ್ಲಿಂದ ಬಿಡ್ಲಿ?" ಮಾರ್ನಿಕ್ಸ್ ಸಿಡುಕಿದ. ಆಮೇಲೆ ಎಲ್ಲರ ಎದುರಿಗೆ ಎದ್ದು ನಿಂತ. "ಲೀವೆನ್, ಆವತ್ತು ನಿನ್ನ ಬೆನ್ನು ಬಾಡಿಗೆಗೆ ಕೊಡಬಹುದು ಅಂದಿದ್ದೆ. ನಾವು ಹನ್ನೆರಡು ಜನ ನಾಲ್ಕು ವರ್ಷದಿಂದ ಆ ಮನೇಲೇ ಇದ್ವಿ ಕಣೋ. ಅಲ್ಲೇ ಕೂತು ಹರಟೆ ಹೊಡೀತಿದ್ವಿ. ಇವತ್ತು ನೀನು ಮನೇನೇ ಕೆಡವಿದೀಯ. ಆ ಬೆನ್ನಿಲ್ಲದೆ ಒಂದು ಮಾತೂ ಹುಟ್ಟಲ್ಲ ಇಲ್ಲಿ. ಈ ಮೀನಿನ ಮುಳ್ಳು ಮನೇಲಿಡು. ಮುಂದಿನ ವಾರ ಹಳೇ ಸೈಕಲ್ ತಗೊಂಡ್ ಬಾ, ಮುಂದೆ ನಿಂತ್ಕೋ."

ಲೀವೆನ್ ಸುತ್ತಲೂ ನೋಡಿದ. ಅವನು ಇಷ್ಟು ವರ್ಷ ಕೇಳಬೇಕೆಂದು ಹಂಬಲಿಸಿದ ಮಾತು ಹುಟ್ಟುತ್ತಿದ್ದದ್ದು ಒಂದೇ ಕಡೆ, ಅವನು ಇರಲಾಗದ ಒಂದೇ ಜಾಗದಲ್ಲಿ: ಅವನ ಬೆನ್ನ ಹಿಂದೆ.

ಎದ್ದು ಹೊರಗೆ ಬಂದ. ಸೈಕಲ್ಲನ್ನು ತಳ್ಳಿಕೊಂಡು, ಸವಾರಿ ಬೂಟಿನಲ್ಲಿ ಬಾತುಕೋಳಿಯಂತೆ ಟಪ್ ಟಪ್ ಎನ್ನುತ್ತ ಗಾಳಿಗೆ ಎದುರಾಗಿ ನಡೆದ. ಬೆನ್ನು ನೆಟ್ಟಗಿತ್ತು. ಮಾರ್ನಿಕ್ಸ್ ಹಿಂದೆಯೇ ಓಡಿಬಂದ, ಅವನ ಹಿಂದೆ ಯೋಸ್ತ್, ಇನ್ನೂ ಮೂವರು.

"ಲೇ, ಹಳೇ ಸೈಕಲ್ ಎಲ್ಲಿಟ್ಟಿದೀಯಾ ಹೇಳೋ! ಇದೆ ತಾನೆ?"

ಹತ್ತು ಹೆಜ್ಜೆಯಾಗುವಷ್ಟರಲ್ಲಿ ಹಿಂದಿನವರಿಗೆ ಗಾಳಿ ತಾಗುವುದು ನಿಂತಿತ್ತು. ಯಾರೋ ಸಿಗರೇಟು ಹಚ್ಚಿದರು, ಮೊದಲ ಕಡ್ಡಿಗೇ ಹತ್ತಿಕೊಂಡಿತು. ಯಾರೋ ಕಿಸಕ್ಕೆಂದರು.

"...ಆಮೇಲೆ ಆ ಹಂದಿ," ಯೋಸ್ತ್‌ನ ದನಿ ಹಾರಿಬಂತು, "ಸೀದಾ ಮೆಟ್ಟಿಲು ಹತ್ತಿ..."

ಉಳಿದದ್ದನ್ನು ಗಾಳಿ ಒಯ್ದಿತು. ಹೋ ಎಂದು ನಗು. ಲೀವೆನ್ ತಿರುಗಲಿಲ್ಲ, ನಡೆಯುತ್ತಲೇ ಹೋದ.