ಓಟಕ್ಕೊಂದು ಪಿಸ್ತೂಲು

ಪಕ್ಕದ ಬೀದಿಯ ಶಾಲೆಯವರು ಕ್ರೀಡಾಕೂಟದಲ್ಲಿ ಸೀಟಿಯ ಬದಲು ಪಿಸ್ತೂಲು ಹಾರಿಸಿ ಓಟ ಶುರು ಮಾಡಿದರಂತೆ ಎಂಬ ಸುದ್ದಿ ದೊಡ್ಡ ಮೇಡಂ ಕಿವಿಗೆ ಬೀಳದೇ ಹೋಗಿದ್ದರೆ, ಆಟದ ಮೇಷ್ಟ್ರ ಬಾಳು ಹೇಗೋ ಕುಂಟುತ್ತ ಸಾಗುತ್ತಿತ್ತು. ಬಿತ್ತು.

ಮೇಷ್ಟ್ರದು ಹಂಗಾಮಿ ಕೆಲಸ. ಪ್ರತಿ ಬೇಸಿಗೆಯಲ್ಲೂ ಕೆಲಸ ಹೋಗಿ, ಶಾಲೆ ತೆರೆದಾಗ ಮತ್ತೆ ಬರುತ್ತಿತ್ತು. "ಈ ಸಲ ಕ್ರೀಡಾಕೂಟ ಸುಸೂತ್ರವಾಗಿ ನಡೆಸಿಕೊಡಿ, ಕಾಯಂ ಮಾಡಿಸ್ತೀನಿ" ಎಂದು ದೊಡ್ಡ ಮೇಡಂ ಮಾತು ಕೊಟ್ಟಿದ್ದರು. ಮೇಷ್ಟ್ರ ಹೆಂಡತಿ ಅದನ್ನು ಆಗಲೇ ತನ್ನ ಅಣ್ಣನಿಗೆ ಹೇಳಿಬಿಟ್ಟಿದ್ದಳು. ಭಾವನ ಕಿವಿಗೆ ಬಿದ್ದ ಮೇಲೆ ಕಾಯಂ ಆಗದೇ ಉಳಿಯುವುದು, ಸುಮ್ಮನೆ ಆಗದೇ ಉಳಿಯುವುದಕ್ಕಿಂತ ಹತ್ತು ಪಟ್ಟು ಕಷ್ಟ.

ಕ್ರೀಡಾಕೂಟದ ದಿನ ಬೆಳಿಗ್ಗೆ ಮೇಷ್ಟ್ರು ಸ್ಟಾಫ್ ರೂಮಿನ ಮೇಜಿನ ಮೇಲೆ ದೊಡ್ಡ ಮೇಡಂ ತರಿಸಿದ ಹೊಸ ಪಿಸ್ತೂಲನ್ನು ಇಟ್ಟರು. ಗುಂಡು ತೂರುವ ಪಿಸ್ತೂಲಲ್ಲ. ಒಳಗೊಂದು ಪಟಾಕಿಯಂಥದ್ದನ್ನು ಇಟ್ಟು ಬೆರಳಿನಿಂದ ಕುದುರೆ ಎಳೆದರೆ ಢಂ ಎನ್ನುವಂಥದ್ದು. ನೋಡುವುದಕ್ಕೆ ಮಾತ್ರ ಅಸಲಿಗಿಂತ ಅಸಲಿ.

ಗಣಿತದ ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ಪರ್ಮಿಟ್ ಇದೆಯೇನ್ರೀ?"

"ಇದು ಬರೀ ಶಬ್ದ ಮಾಡುತ್ತೆ ಸಾರ್."

"ನಗರದೊಳಗೆ ಆಯುಧ ಹಾರಿಸೋ ಹಾಗಿಲ್ಲ. ಹಾರಿಸಬೇಕಾದ್ರೆ ಠಾಣೆಯಿಂದ ಅನುಮತಿ ಬೇಕು. ಇವತ್ತಿನ ಮುಖ್ಯ ಅತಿಥಿ ಯಾರು?"

"ಪೊಲೀಸ್ ಸಾಹೇಬರು."

"ಸರಿಹೋಯ್ತು. ಹುಲಿ ಎದುರಿಗೆ ಹೋಗಿ ಉಗುರು ತೋರಿಸ್ತೀರಿ."

ಮೇಷ್ಟ್ರ ಮುಖ ತೊಳೆದ ಕರಿಹಲಗೆಯ ಹಾಗಾಯಿತು. ಈಗಲೇ ಠಾಣೆಗೆ ಹೋಗುವುದೆಂದು ಪಿಸ್ತೂಲನ್ನು ಊಟದ ಚೀಲಕ್ಕೆ ಹಾಕಿದರು.

"ಬಚ್ಚಿಟ್ಕೊಂಡು ಹೋದ್ರೆ ಅದು ಇನ್ನೂ ದೊಡ್ಡ ಅಪರಾಧ," ಎಂದರು ಗಣಿತದ ಮೇಷ್ಟ್ರು.

ಚೀಲದಿಂದ ತೆಗೆದು ಕೈಯಲ್ಲಿ ಹಿಡಿದರು.

"ಅಯ್ಯೋ, ಹಾಗೆ ಹಿಡ್ಕೊಂಡು ಬೀದೀಲಿ ಹೋದ್ರೆ ಜನ ಹೊಡೀತಾರೆ ಕಣ್ರೀ," ಎಂದರು ಡ್ರಾಯಿಂಗ್ ಮೇಡಂ.

ಕೊನೆಗೆ ಅರ್ಧ ಚೀಲದೊಳಗೆ, ಅರ್ಧ ಹೊರಗೆ ಇರುವಂತೆ ಹಿಡಿದು ಹೊರಟರು. ಬಸ್ಸಿನಲ್ಲಿ ಎಂದೂ ಸಿಗದ ಸೀಟು ಅಂದು ಸಿಕ್ಕಿತು. ಪಕ್ಕದವನು ಎದ್ದ, ಮುಂದಿನವರು ಎದ್ದರು, ನೋಡನೋಡುತ್ತ ಆ ಕಡೆಯ ಸಾಲೆಲ್ಲ ಖಾಲಿ. ಕಂಡಕ್ಟರ್ ಟಿಕೆಟ್ ಕೇಳಲೂ ಬರಲಿಲ್ಲ. ದೂರದಿಂದಲೇ, "ಅಣ್ಣಾ, ನಿಮ್ಮ ಸ್ಟಾಪ್ ಯಾವುದು ಅಂತ ಹೇಳಿದ್ರೆ ಅಲ್ಲಿವರೆಗೂ ಎಲ್ಲೂ ನಿಲ್ಲಿಸಲ್ಲ," ಎಂದ.

ಠಾಣೆಯಲ್ಲಿ ರೈಟರ್ ಪಿಸ್ತೂಲನ್ನು ತಿರುಗಿಸಿ ನೋಡಿದ. ಮೀಸೆಯ ಒಂದು ತುದಿ ಮೇಲೆ ಹೋಯಿತು.

"ಇದು ಆಯುಧವೋ, ಅಲ್ವೋ?"

"ಅಲ್ಲ ಸಾರ್."

"ಅಲ್ದಿದ್ರೆ ಅನುಮತಿ ಯಾಕೆ? ನಮಗೆ ಬೇರೆ ಕೆಲಸ ಇಲ್ವಾ?"

"ಹಾಗಾದ್ರೆ... ಆಯುಧ ಅಂತಲೇ ಇಟ್ಕೊಳ್ಳಿ ಸಾರ್."

"ಇಟ್ಕೊಳ್ಳೋದಾ? ಆಯುಧ ಅಂದ್ಮೇಲೆ ಲೈಸನ್ಸ್ ಎಲ್ಲಿ? ಲೈಸನ್ಸ್ ಇಲ್ದೆ ಪಿಸ್ತೂಲು ಹಿಡ್ಕೊಂಡು ಠಾಣೆಗೇ ಬಂದಿದೀರಲ್ಲ, ಧೈರ್ಯ ಇದೆ ನಿಮಗೆ."

ಮೇಷ್ಟ್ರಿಗೆ ಧೈರ್ಯವೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು. ಬೆವರಿತ್ತು, ನಡುಕವಿತ್ತು, ಮಧ್ಯಾಹ್ನದ ಹಸಿವಿತ್ತು. ಬೆಂಚಿನ ತುದಿಯಲ್ಲಿ ಕುಕ್ಕರಿಸಿ, ಜೈಲಿನಲ್ಲಿರುವವರನ್ನು ಭಾವಂದಿರು ನೋಡಲು ಬರುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದರು. ಆಗ ಸಾಹೇಬರೇ ಒಳಕೋಣೆಯಿಂದ ಬಂದರು.

"ನಮ್ಮ ಸಂಜೆ ಕಾರ್ಯಕ್ರಮದ ಮೇಷ್ಟ್ರಲ್ವಾ? ಅನುಮತಿ ಕೇಳ್ಕೊಂಡು ಬಂದ್ರಾ? ಭೇಷ್. ನಾನು ಇವತ್ತು ಮಕ್ಕಳಿಗೆ ಮಾತಾಡೋದೂ ಅದರ ಬಗ್ಗೇನೇ. ಆಯುಧ, ಕಾನೂನು, ಜವಾಬ್ದಾರಿ. ರೈಟರೇ, ಬರೆದುಕೊಡಿ."

ರೈಟರ್ ಬರೆದ. ಬರೆಯುತ್ತ ಬಾಯಿಬಿಟ್ಟು ಓದಿದ: ಆಟದ ಮೇಷ್ಟ್ರು ಮಾತ್ರ ಹಾರಿಸಬೇಕು. ಆಕಾಶಕ್ಕೆ ಹಾರಿಸಬೇಕು. ಇನ್ನೊಬ್ಬರ ಕೈಗೆ ಕೊಡಕೂಡದು. ಕೊಟ್ಟರೆ ಕೇಸು.

ಮೇಷ್ಟ್ರು ಮದುವೆಯಾದ ದಿನವೂ ಅಷ್ಟು ಹಗುರಾಗಿ ನಡೆದಿರಲಿಲ್ಲ. ಹಾಗೆ ನಡೆದುಕೊಂಡು ಶಾಲೆಗೆ ಬಂದರೆ, ದೊಡ್ಡ ಮೇಡಂ ಗೇಟಿನಲ್ಲೇ ಹಿಡಿದರು.

"ಪಿಸ್ತೂಲಿಗೆ ಒಂದು ರಿಬ್ಬನ್ ಕಟ್ಟಿ, ತಟ್ಟೇಲಿ ಇಟ್ಟು ತನ್ನಿ. ಮೊದಲನೇ ಓಟಕ್ಕೆ ಸಾಹೇಬರೇ ಹಾರಿಸ್ತಾರೆ."

"ಮೇಡಂ, ಅವರೇ ಹೇಳಿದಾರೆ, ನಾನು ಮಾತ್ರ..."

"ಮುಖ್ಯ ಅತಿಥಿ ಕೈಯಲ್ಲಿ ಏನೂ ಕೊಡದೆ ಸುಮ್ನೆ ಕೂರಿಸೋಕಾಗುತ್ತಾ? ನಿಮಗೆ ಕಾಯಂ ಆಗೋ ಆಸೆ ಇದೆಯೋ ಇಲ್ವೋ?"

ಕೊಟ್ಟರೆ ಕೇಸು, ಕೊಡದಿದ್ದರೆ ಕೆಲಸಕ್ಕೆ ಕುತ್ತು. ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತರು. ಜ್ವರ ಬಂದಿದೆ ಎನ್ನಲೇ ಎಂದು ಯೋಚಿಸಿದರು. ಹೆಂಡತಿಗೆ ಫೋನು ಮಾಡಿದರೆ, "ಅಣ್ಣ ನಿಮ್ಮ ಕ್ರೀಡಾಕೂಟ ನೋಡೋಕೆ ಹೊರಟಿದಾನೆ ಕಣ್ರೀ, ಮುಂದಿನ ಸಾಲಲ್ಲಿ ಒಂದು ಕುರ್ಚಿ ಇಡ್ಸಿ," ಎಂದಳು. ಜ್ವರ ನಿಜವಾಗಿಯೂ ಬಂದ ಹಾಗಾಯಿತು.

ದಾರಿ ತೋರಿಸಿದವರು ಗಣಿತದ ಮೇಷ್ಟ್ರೇ. "ಸುಲಭ ಕಣ್ರೀ. ನೀವು ಹಿಡ್ಕೊಳ್ಳಿ, ಬಿಡಬೇಡಿ. ನಿಮ್ಮ ಕೈ ಮೇಲೆ ಸಾಹೇಬರು ಕೈ ಇಡಲಿ. ಮಗೂಗೆ ಅಕ್ಷರ ತಿದ್ದಿಸಲ್ವಾ, ಹಾಗೆ. ಪಿಸ್ತೂಲು ನಿಮ್ಮ ಕೈ ಬಿಟ್ಟು ಹೋಗಲಿಲ್ಲ, ಅವರೂ ಹಾರಿಸಿದ ಹಾಗಾಯ್ತು."

ದೊಡ್ಡ ಮೇಡಂ ಒಪ್ಪಿದರು. ಸಂಜೆ ಮೈದಾನಕ್ಕೆ ಬಂದ ಸಾಹೇಬರೂ ನಗುತ್ತ ಒಪ್ಪಿದರು. ಸಾಕ್ಷಿಗೆಂದು ಬಂದ ರೈಟರ್ ಮಾತ್ರ ಮೀಸೆ ತೀಡುತ್ತ ಗೆರೆಯ ಪಕ್ಕ ನಿಂತ. ಮುಂದಿನ ಸಾಲಿನಲ್ಲಿ ಭಾವ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಮಕ್ಕಳು ಗೆರೆಯ ಮೇಲೆ ಬಗ್ಗಿದರು. ಮೇಷ್ಟ್ರ ಬೆವತ ಕೈಯ ಮೇಲೆ ಸಾಹೇಬರ ದಪ್ಪ ಕೈ ಕೂತಿತು. ಒಂದು, ಎರಡು, ಮೂರು. ಢಂ.

ಮೈದಾನವೆಲ್ಲ ಚಪ್ಪಾಳೆ. ಮಕ್ಕಳು ಓಡಿದರು. ಯಾರೂ ಬೀಳಲಿಲ್ಲ, ಯಾರೂ ಅಳಲಿಲ್ಲ. ದೊಡ್ಡ ಮೇಡಂ ಮೇಷ್ಟ್ರನ್ನು ನೋಡಿ ತಲೆದೂಗಿದರು. ಭಾವ ಕಾಲು ಇಳಿಸಿ ನೆಟ್ಟಗೆ ಕೂತ. ಈ ಗಳಿಗೆ ಹೀಗೇ ನಿಂತುಬಿಡಲಿ ಎಂದು ಮೇಷ್ಟ್ರು ಬೇಡಿಕೊಂಡರು. ನಿಲ್ಲಲಿಲ್ಲ. ಸಾಹೇಬರು ಮೈಕಿನ ಮುಂದೆ ಬಂದರು.

"ಮಕ್ಕಳೇ, ಕಾನೂನು ಅಂದ್ರೆ ಏನು ಅಂತ ಈಗ ನಿಮ್ಮ ಕಣ್ಣೆದುರಿಗೇ ನೋಡಿದ್ರಿ. ಅನುಮತಿ ಇದ್ದದ್ದು ನಿಮ್ಮ ಮೇಷ್ಟ್ರಿಗೆ. ಕುದುರೆ ಎಳೆದದ್ದು ಯಾರ ಬೆರಳು? ನನ್ನದು. ಅವರು ಕೈ ಬಿಡಲಿಲ್ಲ, ನಿಜ. ಆದರೆ ಕೈಯಲ್ಲಿ ಆಯುಧ ಇದ್ದೂ ಅದು ಅವರ ಹಿಡಿತದಲ್ಲಿ ಇರಲಿಲ್ಲ. ಸಾವಿರ ಜನರ ಮಧ್ಯೆ ಹಿಡಿತ ತಪ್ಪಿದ ಆಯುಧ, ಕೊಟ್ಟಿದ್ದಕ್ಕಿಂತ ದೊಡ್ಡ ತಪ್ಪು. ನಾನು ಪರೀಕ್ಷೆ ಮಾಡಿದೆ. ಅವರು ಸೋತರು. ಚಪ್ಪಾಳೆ ತಟ್ಟಿ."

ಮಕ್ಕಳು ಓಟಕ್ಕಿಂತ ಜೋರಾಗಿ ತಟ್ಟಿದರು. ಯಾಕೆಂದು ತಿಳಿಯದೆ ಭಾವನೂ ತಟ್ಟಿದ.

ರೈಟರ್ ಪಿಸ್ತೂಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ಮೇಷ್ಟ್ರು ದೊಡ್ಡ ಮೇಡಂ ಹತ್ತಿರ ಓಡಿದರು. "ಮೇಡಂ, ನನ್ನ ಕೆಲಸ?"

ದೊಡ್ಡ ಮೇಡಂ ಸಾಹೇಬರ ಮುಖ ನೋಡಿದರು. ಸಾಹೇಬರು ಒಳ್ಳೆಯವರು, ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

"ಇವರನ್ನ ತೆಗೆದುಹಾಕಬೇಡಿ ಮೇಡಂ. ವಿಚಾರಣೆ ಮುಗಿಯೋವರೆಗೂ ಇವರು ನಮಗೆ ಸಿಗ್ತಾ ಇರಬೇಕು. ಇನ್ಮೇಲೆ ಬೇಸಿಗೇಲೂ ಬಿಡಿಸಬೇಡಿ. ಕಾಯಂ ಮಾಡೋದು ಮಾತ್ರ ಬೇಡ. ಈಗ ಹೇಗಿದಾರೋ ಹಾಗೇ ಇರಲಿ."

"ವಿಚಾರಣೆ ಯಾವಾಗ ಮುಗಿಯುತ್ತೆ ಸಾರ್?" ಮೇಷ್ಟ್ರು ಕೇಳಿದರು.

ಉತ್ತರ ಕೊಟ್ಟವನು ರೈಟರ್. "ಅದು ಆಯುಧವೋ ಅಲ್ವೋ ಅಂತ ಮೊದಲು ತೀರ್ಮಾನ ಆಗ್ಬೇಕಲ್ಲ ಮೇಷ್ಟ್ರೇ. ಅಷ್ಟೊತ್ತಿಗೆ ನೀವು ರಿಟೈರ್ ಆಗಿರ್ತೀರಿ."

ಅಷ್ಟರಲ್ಲಿ ಭಾವ ಜನರನ್ನು ಸರಿಸಿಕೊಂಡು ಬಂದ. ಮೇಷ್ಟ್ರ ಕೈ ಹಿಡಿದು ಕುಲುಕಿದ.

"ಏನು ಭಾವಾ, ರಿಟೈರ್ ಆಗೋವರೆಗೂ ತೆಗೆಯಲ್ಲ ಅಂತ ಪೊಲೀಸ್ ಸಾಹೇಬರೇ ಹೇಳಿದ್ರಂತೆ. ತಂಗಿಗೆ ಫೋನ್ ಮಾಡಿಬಿಟ್ಟೆ. ಬೀದಿಯವರನ್ನೆಲ್ಲ ಮನೆಗೆ ಕರೆದಿದಾಳೆ."