ಅಳದೆ ಬೀಳ್ಕೊಡುವ ಪಾಠ

ಹಲ್ಲುಜ್ಜುವಾಗ ಬರುವ ಫೋನು ಒಳ್ಳೆಯ ಸುದ್ದಿ ತರುವುದಿಲ್ಲ ಎಂಬುದು ಬಿಜೂರಿನ ಮಕ್ಕಳ ಮನೆಯ ವಾರ್ಡನ್ ಚಂದ್ರನ ಅನುಭವ. ಅಂದೂ ಬಾಯಿತುಂಬ ನೊರೆ ಇಟ್ಟುಕೊಂಡೇ ಫೋನೆತ್ತಿದ. ಆ ಕಡೆ, ಈ ಮನೆಯನ್ನು ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಶೈಲೇಶ್.

"ಚಂದ್ರಣ್ಣ, ಜರ್ಮನಿ ಹೈಸ್ಕೂಲ್ ಮಕ್ಳ್ ಇವತ್ತ್ ಬತ್ರ್ ಮಾರಾಯ್ರೆ. ಸೇವೆ ಮಾಡೂಕೆ. ಗೋಡಿಗೆ ಬಣ್ಣ ಹೊಡ್ದ್ ಸಂಜಿಗೆ ಹೋತ್ರ್ ಅಂಬ್ರ್."

ಚಂದ್ರ ನೊರೆಯನ್ನು ನುಂಗಿಬಿಟ್ಟ.

ಬಣ್ಣಕ್ಕೆ ಅವನ ತಕರಾರೇನಿಲ್ಲ. ವರ್ಷ ವರ್ಷ ಯಾವುದಾದರೊಂದು ದೇಶದವರು ಬಳಿದು ಬಳಿದು, ಇನ್ನು ಕಲ್ಲು ಉದುರಿದರೂ ಬಣ್ಣದ ಬಲದಲ್ಲೇ ಗೋಡೆ ನಿಲ್ಲುವಂತಾಗಿತ್ತು. ಚಂದ್ರನಿಗೆ ಹೆದರಿಕೆ ಸಂಜೆಯದ್ದು. ಹೋದ ವರ್ಷ ಬಂದವರಲ್ಲಿ ಫ್ರೀಡಾ ಎಂಬ ಹುಡುಗಿ ಪುಟ್ಟ ಧನ್ಯಶ್ರೀಯನ್ನು ವಾರವಿಡೀ ಸೊಂಟದಿಂದ ಇಳಿಸಿರಲಿಲ್ಲ. ಹೋಗುವಾಗ ತಬ್ಬಿಕೊಂಡು, ಮತ್ತೆ ಬರುತ್ತೇನೆ ಎಂದು ಅತ್ತು, ವಿಮಾನ ಹತ್ತಿದಳು. ಧನ್ಯಶ್ರೀ ಮಳೆಗಾಲ ಶುರುವಾಗುವ ತನಕ ಶಾಲೆಯಿಂದ ಬಂದವಳೇ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದಳು. ಅವಳನ್ನು ಪುಸಲಾಯಿಸಿ ಒಳಗೆ ಕರೆತರುವುದು ಚಂದ್ರನ ದಿನನಿತ್ಯದ ಕೆಲಸವಾಗಿತ್ತು. ಹೆತ್ತವರು ಬಿಟ್ಟುಹೋದದ್ದು ಆ ಮಗುವಿಗೆ ನೆನಪಿಲ್ಲ, ಫ್ರೀಡಾ ಹೋದದ್ದು ನೆನಪಿದೆ. ಇನ್ನೊಮ್ಮೆ ಅವಳು ಹಾಗೆ ಕೂತದ್ದನ್ನು ನೋಡುವ ಶಕ್ತಿ ಚಂದ್ರನಿಗಿರಲಿಲ್ಲ.

ಅಡುಗೆಯ ಶರ್ಮಿಳಾ ಒಂದು ಉಪಾಯ ಹೇಳಿದಳು. "ಮಕ್ಳಿಗೆ ಜ್ವರ ಅಂದೇಳಿ ಹೇಳಿಬಿಡಿ."

"ಹಾಂಗಂದ್ರೆ ಮಾತ್ರಿ ಹಿಡ್ಕಂಡ್ ಬಂದ್ ಒಂದ್ ವಾರ ಇಲ್ಲೇ ಕೂಕಂತ್ರ್."

ಗಂಗೊಳ್ಳಿಯಿಂದ ಮೀನು ತರುವ ಅಕ್ಕು ಬಂಗುಡೆ ಎಣಿಸುವುದನ್ನು ನಿಲ್ಲಿಸಿದಳು. ಕೇಳದೆ ಸಲಹೆ ಕೊಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. "ಹ್ವಾಯ್, ನಾ ಹೇಳ್ತೆ ಕೇಣಿ. ನಮ್ಮನಿ ಗಂಡ್ಸ್ರ್ ಕಡ್ಲಿಗೆ ಹೋಪತಿಗೆ ನಾವ್ ಕಂಡ್ಕಂಡ್ ನಿಂತ್ಕಂತಿಲ್ಲೆ. ದೋಣಿ ಹೊರಟದ್ದೇ ಬೆನ್ನ್ ಹಾಕಿ ಒಳ್ಗೆ ಬಂದ್ ಕೆಲ್ಸ ಹಿಡುದ್. ನಿಂತ್ ಕಂಡ್ರೆ ಎದಿ ಒಡಿತ್ತ್. ಮಕ್ಳಿಗೂ ಅದನ್ನೇ ಕಲ್ಸಿ."

ಚಂದ್ರನಿಗೆ ಇದು ಸರಿ ಕಂಡಿತು. ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿ ಕಾನೂನು ಮಾಡಿದ.

"ಬಂದವ್ರ್ ಹೆಸ್ರ್ ಕೇಂಬುಕಾಗ, ನಿಮ್ಮ ಹೆಸ್ರ್ ಹೇಳೂಕಾಗ. ಮಡಿಲಂಗೆ ಕೂಕಂಬುಕಾಗ. ನಾ ಗಂಟಿ ಹೊಡ್ದ್ರೆ ಜೋಡಿ ಬದ್ಲ್. ಗಾಡಿ ಸ್ಟಾರ್ಟ್ ಆದದ್ದೇ ಬೆನ್ನ್ ಹಾಕಿ ಒಳ್ಗೆ. ಯಾರೂ ಮರ್ಕುಕಾಗ, ಒಂದ್ ಹನಿ ಕಣ್ಣೀರ್ ಹಾಕೂಕಾಗ."

"ಮರ್ಕುಕೆ ಬಂದ್ರೆ ಮಾಮ?" ಎಂದಳು ಧನ್ಯಶ್ರೀ.

"ನುಂಗ್."

"ಮೂಗಂಗೆ ಬಂದ್ರೆ?"

"ಅದನ್ನೂ ಒಳ್ಗೇ ಎಳ್ಕೊ."

ಅಳು ನುಂಗುವ ಅಭ್ಯಾಸವೂ ಆಯಿತು. ಶರ್ಮಿಳಾ ತಲೆಗೆ ಪ್ಲಾಸ್ಟಿಕ್ ಬುಟ್ಟಿ ಇಟ್ಟುಕೊಂಡು ಜರ್ಮನಿಯವಳಾಗಿ ಟಾಟಾ ಮಾಡಿದಳು. ಮಕ್ಕಳು ಮೊದಲ ಸಲ ನಕ್ಕರು, ಆಮೇಲೆ ಚಂದ್ರನ ಮುಖ ನೋಡಿ ನೆಟ್ಟಗೆ ತಿರುಗಿ ಒಳಗೆ ಹೋದರು.

ಹತ್ತು ಗಂಟೆಗೆ ವ್ಯಾನು ಬಂತು. ಇಳಿದವರು ಒಳ್ಳೆಯ ಮಕ್ಕಳೇ, ಪಾಪ. ಬಣ್ಣವನ್ನು ಗೋಡೆಗೂ ಮೈಗೂ ಸಮನಾಗಿ ಬಳಿದುಕೊಂಡರು. ಎಲ್ಲಿ ಇಬ್ಬರು ಸ್ವಲ್ಪ ಹೆಚ್ಚು ನಕ್ಕರೋ ಅಲ್ಲಿ ಚಂದ್ರ ಗಂಟೆ ಹೊಡೆದ. ಎಷ್ಟು ಹೊಡೆದನೆಂದರೆ ಪಕ್ಕದ ಮನೆಯ ವನಜ ಕೊಡಪಾನದಲ್ಲಿ ನೀರು ಹೊತ್ತು ಓಡಿ ಬಂದಳು.

"ಎಂತ ಆಯ್ತ್, ಗ್ಯಾಸ್ ಹೊತ್ಕಂಡ್ತಾ?"

ಗ್ಯಾಸು ಹೊತ್ತಿಕೊಂಡಿಲ್ಲ ಎಂದು ತಿಳಿದ ಮೇಲೂ ವನಜ ವಾಪಸು ಹೋಗಲಿಲ್ಲ. ಫೋಟೋ ತೆಗೆಯುವ ಹುಮ್ಮಸ್ಸಿನಲ್ಲಿ ಒಂದೊಂದೇ ಮಗುವನ್ನು ಎತ್ತಿ ವಿದೇಶಿಯರ ಮಡಿಲಲ್ಲಿ ಇಡತೊಡಗಿದಳು. ಚಂದ್ರ ಹಿಂದಿನಿಂದ ಒಂದೊಂದನ್ನೇ ಎತ್ತಿ ಕೆಳಗಿಟ್ಟ. ಜರ್ಮನಿಯ ಟೀಚರಮ್ಮ ಇದು ಇಲ್ಲಿಯ ಯಾವುದೋ ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಊಟಕ್ಕೆ ಬಂಗುಡೆ ಸಾರು. ಅತಿಥಿಗಳಿಗೆಂದು ಶರ್ಮಿಳಾ ಖಾರ ಕಡಿಮೆ ಮಾಡಿದ್ದಳು, ಆದರೆ ಕುಂದಾಪುರದ ಕಡಿಮೆ ಅದು. ಎರಡು ತುತ್ತಿಗೆ ಅಷ್ಟೂ ಜನರ ಕಣ್ಣು ಮೂಗು ಸುರಿಯತೊಡಗಿತು.

"ಮಾಮ, ಇವ್ರ್ ಈಗ್ಳೇ ಮರ್ಕುಕೆ ಶುರು ಮಾಡ್ರ್," ಎಂದು ಧನ್ಯಶ್ರೀ ದೂರು ಕೊಟ್ಟಳು.

ಮಧ್ಯಾಹ್ನದ ಮೇಲೆ ಯೋನಾಸ್ ಎಂಬ ಉದ್ದನೆಯ ಹುಡುಗ ಅವಳ ಪಕ್ಕ ಕೂತು, ಬಣ್ಣದ ಕೈಯಿಂದ ತನ್ನೆದೆ ಮುಟ್ಟಿ ಹೆಸರು ಹೇಳಿದ. ಆಮೇಲೆ ಅವಳ ಕಡೆ ಬೆರಳು ತೋರಿಸಿ ಕಾದ. ಧನ್ಯಶ್ರೀ ಗೋಡೆ ನೋಡುತ್ತ, "ನಂಗೆ ಹೆಸ್ರಿಲ್ಲೆ," ಎಂದಳು.

ಯೋನಾಸನಿಗೆ ಅರ್ಥವಾಗಲಿಲ್ಲ. ಚಂದ್ರನಿಗೆ ಅರ್ಥವಾಗಿ, ಗಂಟೆ ಹೊಡೆಯಲು ಎತ್ತಿದ ಕೈ ಇಳಿಸಿದ. ಆದರೂ ಗೆದ್ದೆ ಅಂದುಕೊಂಡ.

ಸಂಜೆ ಶೈಲೇಶ್ ಕುಂದಾಪುರದಿಂದ ಕಾರು ತಂದು ಬೀಳ್ಕೊಡಲು ನಿಂತ. ಜರ್ಮನಿಯ ಮಕ್ಕಳು ತಬ್ಬಿಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ವ್ಯಾನು ಸ್ಟಾರ್ಟ್ ಆಯಿತು. ಬಿಜೂರಿನ ಮಕ್ಕಳು ಒಟ್ಟಿಗೆ ಬೆನ್ನು ತಿರುಗಿಸಿ ಒಳಗೆ ಹೋಗಿಬಿಟ್ಟರು. ಚಾಚಿದ ಕೈಗಳು ಚಾಚಿದಂತೆಯೇ ಉಳಿದವು. ಆಮೇಲೆ ಎದ್ದ ಅಳು ಜರ್ಮನಿಯವರದು. ಯೋನಾಸನನ್ನು ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಟೀಚರಮ್ಮನೂ ಕನ್ನಡಕ ತೆಗೆದು ಒರೆಸಿಕೊಂಡರು.

ಚಂದ್ರ ಒಳಗೆ ಇಣುಕಿದ. ಧನ್ಯಶ್ರೀ ಅವಲಕ್ಕಿ ತಿನ್ನುತ್ತಿದ್ದಳು, ಗೇಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಶೈಲೇಶನಿಗೂ ಸಂತೋಷ. "ಎಂತಾ ಶಿಸ್ತ್ ಮಾರಾಯ್ರೆ. ಬ್ರಹ್ಮಾವರದ್ ನಮ್ಮ ಹೊಸ ಮಕ್ಳ್ ಮನಿಯಂಗೆ ಕಾಣ್ಕ್ ನೀವ್, ಯಾರ್ ಬಂದ್ ಹೋದ್ರೂ ಮಕ್ಳ್ ಮರ್ಕುದೇ ಮರ್ಕುದ್. ಅಲ್ಲಿಗೆ ನಿಮ್ಮಂಥವ್ರೇ ಬೇಕ್. ಬಟ್ಟಿ ಕಟ್ಕಣಿ, ಈಗ್ಳೇ ಹೋಪ. ಇಲ್ಲಿಗೆ ನಾಳೆ ಬೇರೆಯವ್ರ್ ಬತ್ರ್."

ಚಂದ್ರ ಒಳಗಿನ ಕಡೆ ಕೈ ತೋರಿಸಿದ. "ನಾ ಹೋದ್ರೆ ಈ ಮಕ್ಳ್ ಮರ್ಕ್ತೊ, ಶೈಲೇಶ್."

"ಈ ಮಕ್ಳಾ?" ಶೈಲೇಶ್ ನಕ್ಕ. "ಬೇಕಾರೆ ಹೇಳಿ ಕಾಣಿ."

ಚಂದ್ರ ಒಳಗೆ ಹೋಗಿ ಮಕ್ಕಳಿಗೆ ಹೇಳಿದ. ಹೇಳಿ ಕಾದ. ಒಂದೇ ಒಂದು ಮಗು ಅತ್ತರೂ ಸಾಕು, ಶೈಲೇಶನ ಕೈಕಾಲು ಹಿಡಿದಾದರೂ ಉಳಿದುಬಿಡುತ್ತಿದ್ದ. ಒಬ್ಬರೂ ಅಳಲಿಲ್ಲ. ಧನ್ಯಶ್ರೀಯ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು.

"ಕಾರ್ ಸ್ಟಾರ್ಟ್ ಆಯ್ತಾ ಮಾಮ?" ಎಂದು ಕೇಳಿದಳು.

ಕಾರು ಹೊರಟಾಗ ಚಂದ್ರ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಅಂಗಳದಲ್ಲಿ ಶರ್ಮಿಳಾ ಒಬ್ಬಳೇ ಸೆರಗು ಕಚ್ಚಿ ನಿಂತಿದ್ದಳು. ನಾವುಂದ ದಾಟುವುದರೊಳಗೆ ಅವನ ಅಂಗಿಯ ತೋಳು ಒದ್ದೆಯಾಯಿತು. ಇಷ್ಟು ವರ್ಷ ಸಾಕಿದ್ದಕ್ಕೆ ಒಂದು ಹನಿ ಕಣ್ಣೀರೂ ಇಲ್ಲವಲ್ಲ ಎಂದು ಅವನಿಗೆ ತಡೆಯಲಾರದಷ್ಟು ದುಃಖವಾಯಿತು.

ಕುಂದಾಪುರದ ಹತ್ತಿರ ಶರ್ಮಿಳಾಳ ಫೋನು ಬಂತು.

"ಚಂದ್ರಣ್ಣ, ಮಕ್ಳ್ ಉಂಬುಕೆ ಬತ್ತಿಲ್ಲೆ. ಎಲ್ಲ ಗೋಡಿ ಬದಿಗೆ ಮುಖ ಮಾಡಿ ಕೂಕಂಡಿದ್ದೊ."

"ಮರ್ಕ್ತಿದ್ದೊ?"

"ಇಲ್ಲೆ. ಮಾತೂ ಆಡ್ತಿಲ್ಲೆ. ನಂಗೆ ಹೆದ್ರಿಕಿ ಆತಿತ್ತ್."

"ಮರ್ಕುಕೆ ಹೇಳ್ ಹೆಣ್ಣೆ. ಜೋರಾಗಿ ಮರ್ಕಲಿ. ನಾನೇ ಹೇಳ್ದೆ ಅಂದೇಳಿ ಹೇಳ್."

"ಹೇಳಿ ಆಯ್ತ್. ಮಾಮ ಬೈತ್ರ್ ಅಂತೊ."

"ಫೋನ್ ಧನ್ಯಶ್ರೀ ಕೈಯಂಗ್ ಕೊಡ್."

ಆಮೇಲೆ ಶರ್ಮಿಳಾಳೇ ಮಾತಾಡಿದಳು. "ಅದ್ ತಕಂತಿಲ್ಲೆ ಚಂದ್ರಣ್ಣ. ಹೋದವ್ರ್ ಹತ್ರ ಮಾತಾಡೂಕಾಗ ಅಂತ್."

ಗಾಡಿ ತಿರುಗಿಸಿ ಎಂದು ಚಂದ್ರ ಹೇಳಹೊರಟ. ಅಳುವಿನ ನಡುವೆ ಅದು ಮಾತಾಗಿ ಹೊರಬರಲಿಲ್ಲ. ದೊಡ್ಡವರೇ ಹೀಗೆ ಅತ್ತರೆ ಹೇಗೆ ಎಂದು ಶೈಲೇಶ್ ಅವನ ಬೆನ್ನು ತಟ್ಟಿದ. ಬ್ರಹ್ಮಾವರದಲ್ಲಿ ಮಕ್ಕಳು ಅಳುತ್ತಿದ್ದಾರೆ, ಬೇಗ ಹೋಗಿ ನಿಲ್ಲಿಸಬೇಕು ಎನ್ನುತ್ತ ಕಾರನ್ನು ಇನ್ನಷ್ಟು ಜೋರಾಗಿ ಓಡಿಸಿದ.